ಒಂದು ನಿಮಿಷದ ವಿಡಿಯೊಗೆ 127 ಎಂಬಿ: ವೆಬ್‌ಸೈಟ್‌ಗೆ ಹಾಕೋ ಮುಂಚೆ ತೂಕ ಇಳಿಸಿ

ಪಾಪಿನಾಯಕನಹಳ್ಳಿ (ಹೊಸಪೇಟೆ): ಈಗ ಅಂಗಡಿಗೊಂದು ವೆಬ್‌ಸೈಟ್ ಮಾಡಿಸೋದು ದೊಡ್ಡ ವಿಷಯ ಅಲ್ಲ. ಹೊಸಪೇಟೆಯ ಹೋಟೆಲ್, ಹಂಪಿಯ ಹೋಂಸ್ಟೇ, ಬಳ್ಳಾರಿ ರಸ್ತೆಯ ಹಾರ್ಡ್‌ವೇರ್ ಅಂಗಡಿ, ಯಾರು ಬೇಕಾದ್ರೂ ಮಾಡಿಸಬಹುದು. ತೊಂದರೆ ಆಮೇಲೆ ಶುರುವಾಗುತ್ತೆ. ಮೊಬೈಲ್‌ನಲ್ಲಿ ತೆಗೆದ ವಿಡಿಯೊನ ಹಾಗೇ ಅಪ್‌ಲೋಡ್ ಮಾಡಿದ್ರೆ ನೋಡೋರ ಫೋನ್‌ನಲ್ಲಿ ಚಕ್ರ ತಿರುಗ್ತಾ ನಿಲ್ಲುತ್ತೆ. ಕೆಲವರಿಗೆ ಧ್ವನಿ ಮಾತ್ರ ಕೇಳಿಸುತ್ತೆ, ಚಿತ್ರ ಬರಲ್ಲ. ಗಿರಾಕಿ ಕಾಯೋದಿಲ್ಲ, ಮುಂದಿನ ಅಂಗಡಿಯ ಪುಟಕ್ಕೆ ಹೋಗ್ತಾನೆ. ಇದಕ್ಕೆ ಪರಿಹಾರ ಇದೆ, ದುಡ್ಡೂ ಖರ್ಚಾಗಲ್ಲ.

ಯಾಕೆ ಇಷ್ಟು ಭಾರ?

ವಿಡಿಯೊದ ತೂಕ ನಿರ್ಧಾರ ಆಗೋದು ಬಿಟ್‌ರೇಟ್‌ನಿಂದ. ಅಂದ್ರೆ ಒಂದು ಸೆಕೆಂಡ್ ದೃಶ್ಯಕ್ಕೆ ಎಷ್ಟು ಡೇಟಾ ಬಳಕೆ ಆಗುತ್ತೆ ಅನ್ನೋದು. ಸಾಮಾನ್ಯ ಆಂಡ್ರಾಯ್ಡ್ ಫೋನ್ 1080ಪಿ ವಿಡಿಯೊನ ಸೆಕೆಂಡಿಗೆ ಸುಮಾರು 17 ಮೆಗಾಬಿಟ್ ಲೆಕ್ಕದಲ್ಲಿ ಉಳಿಸುತ್ತೆ. 8 ಬಿಟ್ ಸೇರಿ ಒಂದು ಬೈಟ್. 17ನ್ನು 8ರಿಂದ ಭಾಗಿಸಿ 60ರಿಂದ ಗುಣಿಸಿ: ಒಂದು ನಿಮಿಷಕ್ಕೆ ಸುಮಾರು 127 ಎಂಬಿ. 4ಕೆ ಇಟ್ಟು ತೆಗೆದ್ರೆ ಇನ್ನೂ ಜಾಸ್ತಿ.

ಅದೇ ನಿಮಿಷವನ್ನ 720ಪಿಗೆ ಇಳಿಸಿ, ಬಿಟ್‌ರೇಟ್ 1.5 ಮೆಗಾಬಿಟ್ ಮಾಡಿದ್ರೆ ಧ್ವನಿ ಸೇರಿ ಸುಮಾರು 12 ಎಂಬಿ. ಫೋನ್ ಪರದೆಯಲ್ಲಿ ವ್ಯತ್ಯಾಸ ಗೊತ್ತಾಗೋದು ಕಷ್ಟ. ಆದ್ರೆ ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡವರ ಲೆಕ್ಕದಲ್ಲಿ ನೋಡಿ. ಮೊದಲನೆಯದನ್ನ ಹನ್ನೊಂದು ಸಲ ನೋಡಿದ್ರೆ ಆ ದಿನದ ಡೇಟಾ ಹೆಚ್ಚುಕಡಿಮೆ ಖಾಲಿ. ಎರಡನೆಯದನ್ನ ನೂರಿಪ್ಪತ್ತು ಸಲ ನೋಡಬಹುದು.

ಡಬ್ಬಿ ಒಂದು, ಸರಕು ಇನ್ನೊಂದು

ಎಂಪಿ4, ಎಂಒವಿ ಅನ್ನೋದು ಡಬ್ಬಿಯ ಹೆಸರು ಅಷ್ಟೇ. ಒಳಗಿರೋ ಸರಕಿಗೆ ಕೋಡೆಕ್ ಅಂತಾರೆ. ಈಗಿನ ಹಲವು ಫೋನ್‌ಗಳು ಎಚ್‌.265 (ಎಚ್‌ಇವಿಸಿ) ಕೋಡೆಕ್‌ನಲ್ಲಿ ಉಳಿಸ್ತವೆ. ಅದು ಜಾಗ ಉಳಿಸುತ್ತೆ ನಿಜ, ಆದ್ರೆ ಎಲ್ಲಾ ಬ್ರೌಸರ್‌ನಲ್ಲೂ ತೆರೆಯೋದಿಲ್ಲ. ಧ್ವನಿ ಬಂದು ಚಿತ್ರ ಬರದಿರೋದಕ್ಕೆ ಮುಖ್ಯ ಕಾರಣ ಇದೇ. ಹಳೇ ಫೋನ್, ಹಳೇ ಕಂಪ್ಯೂಟರ್ ಎಲ್ಲದರಲ್ಲೂ ಓಡೋದು ಎಂಪಿ4 ಡಬ್ಬಿ, ಒಳಗೆ ಎಚ್‌.264 ಚಿತ್ರ, ಎಎಸಿ ಧ್ವನಿ. ಇದನ್ನ ನೆನಪಿಟ್ಟುಕೊಂಡ್ರೆ ಅರ್ಧ ಕೆಲಸ ಮುಗೀತು.

ಫೈಲ್ ಹೆಸರಿನ ಕೊನೆಯ ಎಂಒವಿ ಅಳಿಸಿ ಎಂಪಿ4 ಅಂತ ಬರೆದ್ರೆ ಏನೂ ಬದಲಾಗಲ್ಲ. ಎಣ್ಣೆ ಡಬ್ಬಿಗೆ ತುಪ್ಪದ ಚೀಟಿ ಅಂಟಿಸಿದ ಹಾಗೆ.

ಮಾಡೋದು ಹೇಗೆ?

ಕಂಪ್ಯೂಟರ್ ಇದ್ರೆ ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರ್ ಸಾಕು.

1. ಮೂಲ ವಿಡಿಯೊನ ಹ್ಯಾಂಡ್‌ಬ್ರೇಕ್‌ನಲ್ಲಿ ತೆರೆಯಿರಿ.
2. ಪ್ರಿಸೆಟ್‌ನಲ್ಲಿ 'ಫಾಸ್ಟ್ 720ಪಿ30' ಆರಿಸಿ. ಫೋನ್ ನಿಲ್ಲಿಸಿ ತೆಗೆದ ಉದ್ದುದ್ದ ವಿಡಿಯೊ ಆದ್ರೆ ಡೈಮೆನ್ಷನ್ಸ್‌ನಲ್ಲಿ ಅಗಲ 720 ಇದೆಯಾ ನೋಡಿಕೊಳ್ಳಿ, ಇಲ್ಲಾಂದ್ರೆ ಚಿತ್ರ ಮಸುಕಾಗುತ್ತೆ.
3. ಫಾರ್ಮ್ಯಾಟ್ ಎಂಪಿ4 ಇರಲಿ. 'ವೆಬ್ ಆಪ್ಟಿಮೈಸ್ಡ್' ಟಿಕ್ ಮರೀಬೇಡಿ. ಇದು ವಿಡಿಯೊದ ವಿಳಾಸಪಟ್ಟಿಯನ್ನ ಫೈಲಿನ ಮೊದಲಿಗೆ ತರುತ್ತೆ. ಪೂರ್ತಿ ಇಳಿಯೋ ಮುಂಚೆನೇ ಓಡೋಕೆ ಶುರುವಾಗುತ್ತೆ.
4. ಕ್ವಾಲಿಟಿಯಲ್ಲಿ ಆರ್‌ಎಫ್ ಸಂಖ್ಯೆ 22ರಿಂದ 24 ಇಡಿ. ಸಂಖ್ಯೆ ಏರಿದಷ್ಟೂ ಫೈಲ್ ಚಿಕ್ಕದು, ಚಿತ್ರ ಸ್ವಲ್ಪ ಕಡಿಮೆ.

ಕಂಪ್ಯೂಟರ್ ಇಲ್ವಾ? ತೆಗೆಯೋ ಮುಂಚೆನೇ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 720ಪಿ ಇಡಿ, ಎಚ್‌ಇವಿಸಿ ಅಥವಾ 'ಹೈ ಎಫಿಶಿಯೆನ್ಸಿ' ಆಫ್ ಮಾಡಿ. ಐಫೋನ್‌ನಲ್ಲಿ ಇದಕ್ಕೆ 'ಮೋಸ್ಟ್ ಕಂಪ್ಯಾಟಿಬಲ್' ಅಂತ ಇರುತ್ತೆ.

ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊನ ಮತ್ತೆ ಕನ್ವರ್ಟ್ ಮಾಡಬೇಡಿ. ಅದು ಆಗಲೇ ಒಂದು ಸಲ ಕುಗ್ಗಿರುತ್ತೆ. ಮತ್ತೆ ಕುಗ್ಗಿಸಿದ್ರೆ ಮುಖ ಕಲೆಸಿದ ಹಾಗೆ ಕಾಣುತ್ತೆ. ಮೂಲ ಫೈಲನ್ನ 'ಡಾಕ್ಯುಮೆಂಟ್' ಆಗಿ ಕಳಿಸಿ ಅಂತ ಕೇಳಿ. ಕನ್ವರ್ಟ್ ಆದ ಮೇಲೂ ಮೂಲವನ್ನ ಅಳಿಸಬೇಡಿ.

ಎಲ್ಲದಕ್ಕೂ ಒಂದೇ ಅಳತೆ ಅಲ್ಲ

ಮಾಲೀಕರು ಕೂತು ಮಾತಾಡೋ ವಿಡಿಯೊಗೆ 480ಪಿ ಕೂಡ ನಡೆಯುತ್ತೆ. ಆದ್ರೆ ಜಿಐ ಮಾನ್ಯತೆ ಪಡೆದ ಸಂಡೂರಿನ ಲಂಬಾಣಿ ಕಸೂತಿ ತೋರಿಸಬೇಕಂದ್ರೆ ದಾರ, ಕನ್ನಡಿ ಚೂರು ಸ್ಪಷ್ಟ ಕಾಣಬೇಕು. ಅಲ್ಲಿ 1080ಪಿ ಇಟ್ಟು, ಉದ್ದ ಕಡಿಮೆ ಮಾಡಿ. 3 ಮೆಗಾಬಿಟ್‌ನ 15 ಸೆಕೆಂಡಿಗೆ 6 ಎಂಬಿಯೂ ಆಗಲ್ಲ.

ಐದು, ಹತ್ತು ನಿಮಿಷದ ವಿಡಿಯೊ ಆದ್ರೆ ಯೂಟ್ಯೂಬ್‌ಗೆ ಹಾಕಿ ಅಲ್ಲಿಂದ ಪುಟಕ್ಕೆ ಜೋಡಿಸೋದೇ ಒಳ್ಳೇದು. ನೋಡೋರ ನೆಟ್‌ವರ್ಕ್‌ಗೆ ತಕ್ಕ ಅಳತೆಯನ್ನ ಅದೇ ಆರಿಸುತ್ತೆ. ಆದ್ರೆ ಮುಗಿದ ಮೇಲೆ ಬೇರೆಯವರ ವಿಡಿಯೊಗಳೂ ಕಾಣಿಸಬಹುದು, ಅದು ಗೊತ್ತಿರಲಿ.

ಧ್ವನಿಯ ಲೆಕ್ಕ

ಡಬ್ಲ್ಯೂಎವಿ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ. ಬರೀ ಮಾತು ಆದ್ರೆ ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಎಂಪಿ3, ಮೋನೋ, 64 ಕೆಬಿಪಿಎಸ್ ಇಟ್ಟು ಎಕ್ಸ್‌ಪೋರ್ಟ್ ಮಾಡಿ, ನಿಮಿಷಕ್ಕೆ ಅರ್ಧ ಎಂಬಿ. ಹಾಡು, ವಾದ್ಯ ಇದ್ರೆ ಸ್ಟೀರಿಯೊ 128 ಬೇಕು. ಹೆದ್ದಾರಿ ಪಕ್ಕ ರೆಕಾರ್ಡ್ ಮಾಡೋರು ಲಾರಿ ಸದ್ದನ್ನ ಆಮೇಲೆ ತೆಗೀತೀನಿ ಅಂದುಕೊಳ್ಳಬೇಡಿ. ಒಳಗಡೆ ಕೂತು, ಕಾಲರ್ ಮೈಕ್ ಹಾಕಿ ರೆಕಾರ್ಡ್ ಮಾಡಿ. ಹಿನ್ನೆಲೆಗೆ ಅನುಮತಿ ಇಲ್ಲದೆ ಸಿನಿಮಾ ಹಾಡು ಸೇರಿಸಿದ್ರೆ ಕಾಪಿರೈಟ್ ತಗಾದೆ ಬರುತ್ತೆ.

ತುರ್ತು ಬಂದಾಗ

ಇದು ಬರೀ ವ್ಯಾಪಾರದ ಮಾತಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿ ಹೋಯ್ತು. ಸ್ಟಾಪ್‌ಲಾಗ್ ಇಳಿಸಿ ನೀರು ತಡೆಯೋ ಹೊತ್ತಿಗೆ ಸುಮಾರು ಒಂದು ವಾರ ಹಿಡೀತು. ಆ ದಿನಗಳಲ್ಲಿ ಗೇಟಿನ ವಿಡಿಯೊಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿದವು. ಕಂಪ್ಲಿ ಕಡೆ ನದಿ ದಂಡೆಯಲ್ಲಿ ಇರೋರಿಗೆ ಅಂಥಾ ಹೊತ್ತಲ್ಲಿ ಬೇಕಾಗಿರೋದು ಸಿನಿಮಾ ಗುಣಮಟ್ಟ ಅಲ್ಲ, ಬೇಗ ತೆರೆಯೋ ಸುದ್ದಿ.

ಪಂಚಾಯ್ತಿ, ಸಂಘ, ಸುದ್ದಿ ಪುಟ ನಡೆಸೋರು ಇಂಥಾ ಹೊತ್ತಿಗೆ ಮೊದಲು ಮೂರು ಸಾಲು ಬರೆದು ಹಾಕಲಿ. ಅದರ ಕೆಳಗೆ 480ಪಿ, 1 ಮೆಗಾಬಿಟ್, 20 ಸೆಕೆಂಡಿನ ತುಣುಕು ಸಾಕು, ಎರಡೂವರೆ ಎಂಬಿ. ಪ್ರಕಟಣೆಯ ಧ್ವನಿ ಇನ್ನೂ ಹಗುರ. ವಿಡಿಯೊ ಮೇಲೇ ಜಾಗ, ತಾರೀಖು, ಟೈಮ್ ಬರೆಯಿರಿ. ಇಲ್ಲಾಂದ್ರೆ ಮುಂದಿನ ಮಳೆಗಾಲಕ್ಕೆ ಅದೇ ವಿಡಿಯೊ 'ಈಗಷ್ಟೇ ನಡೆದಿದ್ದು' ಅಂತ ಮತ್ತೆ ಓಡಾಡುತ್ತೆ.

ವೆಬ್‌ಸೈಟ್ ಮಾಡೋರಿಗೆ ಹೇಳಬೇಕಾದ್ದು

* ಪುಟ ತೆರೆದ ತಕ್ಷಣ ತಾನೇ ಓಡೋ ಆಟೊಪ್ಲೇ ಬೇಡ.
* ಪ್ರಿಲೋಡ್ 'ನನ್' ಇಡಿ. ಒತ್ತಿದವರಿಗೆ ಮಾತ್ರ ಡೇಟಾ ಖರ್ಚಾಗಲಿ.
* ವಿಡಿಯೊ ಜಾಗದಲ್ಲಿ ಒಂದು ಪೋಸ್ಟರ್ ಚಿತ್ರ ಇರಲಿ.
* ಕನ್ನಡ ಸಬ್‌ಟೈಟಲ್ ಸೇರಿಸಿ. ಕಿವಿ ಕೇಳದವರಿಗೂ, ಬಸ್ಸಿನಲ್ಲಿ ಸೌಂಡ್ ಆಫ್ ಮಾಡಿ ನೋಡೋರಿಗೂ ಅನುಕೂಲ.

ಹಾಕಿದ ಮೇಲೆ ವೈಫೈ ಆಫ್ ಮಾಡಿ, ಮನೆಯಲ್ಲಿರೋ ಹಳೇ ಫೋನ್‌ನಲ್ಲಿ, ಮೊಬೈಲ್ ಡೇಟಾದಲ್ಲೇ ಒಂದು ಸಲ ತೆರೆದು ನೋಡಿ. ಅಲ್ಲಿ ಓಡಿದ್ರೆ ಗಿರಾಕಿಗಳ ಫೋನ್‌ನಲ್ಲೂ ಓಡುತ್ತೆ.