ಬೆಳಿಗ್ಗೆ ವಾಲಿ ನಿಂತ ಬಸ್ಸು

ರಾತ್ರಿ ಡಿಪೋದಲ್ಲಿ ನೆಟ್ಟಗಿದ್ದ ಬಸ್ಸು ಬೆಳಿಗ್ಗೆ ಎಡಕ್ಕೆ ವಾಲಿದೆ. ಎಲ್ಲೋ ಗಾಳಿ ಸೋರುತ್ತಿದೆ.

ಕೆಎಸ್‌ಆರ್‌ಟಿಸಿಯ ಐರಾವತದಂಥ ವೋಲ್ವೋ ಬಸ್ಸುಗಳ ಭಾರ ಹೊರುವುದು ಲೀಫ್ ಸ್ಪ್ರಿಂಗ್ ಅಲ್ಲ, ಗಾಳಿ ತುಂಬಿದ ರಬ್ಬರ್ ಬೆಲ್ಲೋಗಳು. ಸೋರಿಕೆ ಹುಡುಕಲು ದುಬಾರಿ ಯಂತ್ರವೇ ಬೇಕಿಲ್ಲ. ಟ್ಯಾಂಕಿನಲ್ಲಿ ಪೂರ್ತಿ ಗಾಳಿ ತುಂಬಿ, ಎಂಜಿನ್ ನಿಲ್ಲಿಸಿ, ಬೆಲ್ಲೋ, ಪೈಪು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಸಾಕು. ಗುಳ್ಳೆ ಎದ್ದ ಕಡೆಯೇ ಕಳ್ಳ. ರಬ್ಬರಿನ ಮಡಿಕೆಗಳಲ್ಲಿ ಸಿಕ್ಕಿಕೊಂಡ ಕಲ್ಲು, ಒಣಗಿದ ಕೆಸರು ಉಜ್ಜಿ ಉಜ್ಜಿ ತೂತು ಮಾಡುತ್ತವೆ. ಅಂಟಿದ ಡೀಸೆಲ್, ಗ್ರೀಸ್ ರಬ್ಬರನ್ನೇ ಮೆತ್ತಗಾಗಿಸುತ್ತವೆ.

ಬೆಲ್ಲೋ ಸರಿಯಿದ್ದೂ ಬಸ್ಸು ವಾಲಿದರೆ? ಆಗ ಲೆವೆಲಿಂಗ್ ವಾಲ್ವಿನ ಕಡ್ಡಿ ನೋಡಬೇಕು. ಭಾರ ಹೆಚ್ಚಾದಾಗ ಗಾಳಿ ಒಳಗೆ, ಕಡಿಮೆಯಾದಾಗ ಹೊರಗೆ ಬಿಡಿಸುವುದು ಇದೇ ಬಡಕಲು ಕಡ್ಡಿ. ಅದು ಬಾಗಿದರೆ ಎತ್ತರದ ಲೆಕ್ಕವೇ ತಪ್ಪುತ್ತದೆ. ಎತ್ತರ ಅಳೆಯಬೇಕಾದದ್ದು ಸಮತಟ್ಟಾದ ನೆಲದಲ್ಲಿ, ಕಂಪನಿಯ ಕೈಪಿಡಿ ಪಕ್ಕದಲ್ಲಿಟ್ಟುಕೊಂಡು.

ಟ್ಯಾಂಕಿನ ಡ್ರೈನ್ ತೆರೆದಾಗ ನೀರು ಸುರಿದರೆ ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ಸೋತಿದೆ ಎಂದರ್ಥ. ಬೆಲ್ಲೋಗಳಿಗೆ ಗಾಳಿ ಕೊಡುವ ಕಂಪ್ರೆಸರಿನ ಗಾಳಿಯಲ್ಲೇ ಬ್ರೇಕ್ ಕೂಡ ನಡೆಯುವುದರಿಂದ ಇದು ಬರೀ ಆರಾಮದ ಪ್ರಶ್ನೆಯಲ್ಲ.

ಚಾಸಿಗೆ ಸ್ಟ್ಯಾಂಡ್ ಕೊಡದೆ ಮಾತ್ರ ಯಾರೂ ಕೆಳಗೆ ನುಸುಳಬಾರದು. ಬೆಲ್ಲೋ ಖಾಲಿಯಾದರೆ ಬಸ್ಸು ಕ್ಷಣದಲ್ಲಿ ಕೆಳಗಿಳಿಯುತ್ತದೆ.