ತಂತಿಗೆ ದನಿ ಬಂದ ಬಗೆ

ಗಿಟಾರು ಸ್ವಭಾವತಃ ಮೆಲುದನಿಯ ವಾದ್ಯ. ತಂತಿಯನ್ನು ಒಮ್ಮೆ ಮೀಟಿ ಬಿಟ್ಟರೆ ಅದಕ್ಕೆ ದೊರೆತ ಅಲ್ಪ ಶಕ್ತಿಯು ಸ್ವಲ್ಪ ಹೊತ್ತಿನಲ್ಲಿಯೇ ವ್ಯಯವಾಗಿ ಹೋಗುವುದು. ತುತ್ತೂರಿಯ ಸಂಗತಿ ಹಾಗಲ್ಲ. ವಾದಕನು ಊದುತ್ತಿರುವವರೆಗೂ ಅದಕ್ಕೆ ಶಕ್ತಿಯು ಒದಗುತ್ತಲೇ ಇರುವುದು. ಆದುದರಿಂದಲೇ 1930ರ ದಶಕದಲ್ಲಿ ಅಮೆರಿಕದ ದೊಡ್ಡ ಜಾಝ್ ಮೇಳಗಳಲ್ಲಿ ಗಿಟಾರಿನ ಪಾಲಿಗೆ ಬಂದಿದ್ದುದು ಹೆಚ್ಚಾಗಿ ಲಯ ಹಿಡಿಯುವ ಕೆಲಸ. ಅಲ್ಲಿ ಅದು ಒಂಟಿಯಾಗಿ ನುಡಿಯಹೊರಟರೆ ಸಂತೆಯಲ್ಲಿ ಪಿಸುಮಾತನಾಡಿದಂತಾಗುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಅಗ್ರಗಣ್ಯನು ಚಾರ್ಲಿ ಕ್ರಿಶ್ಚಿಯನ್. ಆಫ್ರಿಕನ್ ಮೂಲದ ಬಡ ಸಂಗೀತಗಾರರ ಮನೆತನದಲ್ಲಿ, 1916ರ ಜುಲೈ 29ರಂದು, ಟೆಕ್ಸಾಸ್ ಪ್ರಾಂತ್ಯದ ಬಾನಮ್ ಎಂಬ ಊರಿನಲ್ಲಿ ಹುಟ್ಟಿದ ಅವನು ಒಕ್ಲಹೋಮ ನಗರದಲ್ಲಿ ಬೆಳೆದನು. ಕಣ್ಣು ಕಳೆದುಕೊಂಡಿದ್ದ ತಂದೆಯು ಮಕ್ಕಳೊಡನೆ ಬೀದಿಗಳಲ್ಲಿ ವಾದ್ಯ ನುಡಿಸಿ ಸಂಪಾದಿಸುತ್ತಿದ್ದನು. ಆ ಬೀದಿಯೇ ಹುಡುಗನ ಮೊದಲ ಸಂಗೀತಶಾಲೆ.

ಅವನ ಕೈಗೆ ಬಂದ ಹೊಸ ಸಾಧನವು 1936ರಲ್ಲಿ ಗಿಬ್ಸನ್ ಸಂಸ್ಥೆಯು ಹೊರತಂದ ವಿದ್ಯುತ್ ಗಿಟಾರು. ಅದರ ತತ್ತ್ವವನ್ನು ಇಲ್ಲಿ ವಿವರಿಸೋಣ. ತಂತಿಗಳ ಕೆಳಗೆ ಅಯಸ್ಕಾಂತವೂ ಅದಕ್ಕೆ ಸೇರಿದಂತೆ ಸಣ್ಣ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಮೇಲಿನ ಉಕ್ಕಿನ ತಂತಿಯು ಕಂಪಿಸಿದಾಗ ಸುರುಳಿಯನ್ನು ಹಾಯುವ ಕಾಂತಬಲವು ಹೆಚ್ಚುಕಡಿಮೆಯಾಗುವುದು. ಹೀಗೆ ಬದಲಾಗುವ ಕಾಂತಬಲವು ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುವುದೆಂದು 1831ರಲ್ಲಿಯೇ ಫ್ಯಾರಡೆಯು ತೋರಿಸಿದ್ದನಷ್ಟೆ. ತಂತಿಯು ಸೆಕೆಂಡಿಗೆ 110 ಸಲ ಕಂಪಿಸಿದರೆ ವಿದ್ಯುತ್ತೂ ಅಷ್ಟೇ ಸಲ ಏರಿಳಿಯುವುದು. ಈ ಕ್ಷೀಣ ಸಂಕೇತವನ್ನು ನಿರ್ವಾತ ಕೊಳವೆಗಳ ವರ್ಧಕದಿಂದ ಬಲಗೊಳಿಸಿ ಧ್ವನಿವರ್ಧಕಕ್ಕೆ ಕಳುಹಿಸಿದರೆ ನಾದವು ಸಭೆಯನ್ನೆಲ್ಲ ತುಂಬುತ್ತದೆ. ಕರುಳಿನ ತಂತಿಯು ಕಾಂತಕ್ಕೆ ಸ್ಪಂದಿಸದು. ಆದುದರಿಂದ ಇಲ್ಲಿ ಉಕ್ಕೇ ಬೇಕು.

ವಿದ್ಯುತ್ ಗಿಟಾರನ್ನು ನುಡಿಸಿದವರಲ್ಲಿ ಕ್ರಿಶ್ಚಿಯನ್ ಮೊದಲಿಗನೇನೂ ಅಲ್ಲ. ಎಡ್ಡಿ ಡರ್ಹಮ್ ಮುಂತಾದವರು ಮುಂಚೆಯೇ ನುಡಿಸಿದ್ದರು. ಆದರೆ ಹೊಸ ಶಕ್ತಿಯಿಂದ ಯಾವ ಹೊಸ ಮಾತನ್ನಾಡಬಹುದೆಂದು ಸ್ಪಷ್ಟವಾಗಿ ಕಂಡವನು ಅವನು. ಮೀಟಿದ ಸ್ವರವು ಇನ್ನಷ್ಟು ಹೊತ್ತು ಕೇಳಿಸುವುದರಿಂದ, ಸ್ಯಾಕ್ಸೊಫೋನ್ ವಾದಕರಂತೆ ನೀಳವಾದ ಸ್ವರಪಂಕ್ತಿಗಳನ್ನು ಅವನು ಗಿಟಾರಿನಲ್ಲಿ ಹೆಣೆದನು. 1939ರಲ್ಲಿ ಪ್ರಸಿದ್ಧ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅವನನ್ನು ತನ್ನ ಮೇಳಕ್ಕೆ ಸೇರಿಸಿಕೊಂಡನು. ಬಿಳಿಯರೂ ಕರಿಯರೂ ಒಂದೇ ವೇದಿಕೆಯಲ್ಲಿ ನುಡಿಸುವುದು ಅಪರೂಪವಾಗಿದ್ದ ಕಾಲವದು. ಕೆಲಸ ಮುಗಿದ ರಾತ್ರಿಗಳಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಮಿಂಟನ್ಸ್ ಎಂಬ ಕೂಟದಲ್ಲಿ ಥೆಲೋನಿಯಸ್ ಮಂಕ್, ಕೆನ್ನಿ ಕ್ಲಾರ್ಕ್ ಮೊದಲಾದವರೊಡನೆ ಅವನು ನುಡಿಸುತ್ತಿದ್ದನು. ಮುಂದೆ ಬೀಬಾಪ್ ಎನಿಸಿಕೊಂಡ ಶೈಲಿಯು ಮೊಳೆತ ನೆಲಗಳಲ್ಲಿ ಅದೂ ಒಂದು.

ಆದರೆ ಕ್ಷಯರೋಗವು ಅವನನ್ನು ಹಿಡಿದಿತ್ತು. 1941ರಲ್ಲಿ ಸ್ಟೇಟನ್ ದ್ವೀಪದ ಸೀವ್ಯೂ ಆಸ್ಪತ್ರೆಯನ್ನು ಸೇರಿದ ಅವನು 1942ರ ಮಾರ್ಚ್ 2ರಂದು ತೀರಿಕೊಂಡನು. ವಯಸ್ಸು ಇಪ್ಪತ್ತೈದು. ಅಂದಿನ ವೈದ್ಯರ ಬಳಿ ವಿಶ್ರಾಂತಿ, ಪಥ್ಯ, ಶುದ್ಧ ಗಾಳಿ, ಕೆಲವು ಶಸ್ತ್ರಕ್ರಿಯೆಗಳು ಇದ್ದವೇ ಹೊರತು ರೋಗಾಣುವನ್ನು ಕೊಲ್ಲುವ ಮದ್ದಿರಲಿಲ್ಲ. ಮರುವರ್ಷವೇ, 1943ರಲ್ಲಿ, ಸ್ಟ್ರೆಪ್ಟೊಮೈಸಿನ್ ಪತ್ತೆಯಾಯಿತು. 1952ರಲ್ಲಿ ಐಸೊನಿಯಜಿಡ್ ಔಷಧದ ಪ್ರಸಿದ್ಧ ಪ್ರಯೋಗಗಳು ನಡೆದುದು ಅದೇ ಸೀವ್ಯೂ ಆಸ್ಪತ್ರೆಯಲ್ಲಿ. ಹಾಸಿಗೆ ಹಿಡಿದಿದ್ದ ರೋಗಿಗಳು ಎದ್ದು ಓಡಾಡಿದರು.

ವಿಜ್ಞಾನದ ಒಂದು ಕೊಡುಗೆ ಅವನಿಗೆ ಸಕಾಲದಲ್ಲಿ ಒದಗಿತು. ಇನ್ನೊಂದು ಬರುವುದು ತಡವಾಯಿತು. ಗುಡ್‌ಮನ್ನನ ಮೇಳದಲ್ಲಿ ಅವನು ನುಡಿಸಿದುದು ಎರಡು ವರ್ಷಗಳಷ್ಟೂ ಅಲ್ಲ. ಆದರೂ ವೆಸ್ ಮಾಂಟ್ಗೊಮರಿಯಂಥ ಮುಂದಿನ ಪೀಳಿಗೆಯ ಹಿರಿಯರು ಅವನ ಧ್ವನಿಮುದ್ರಿಕೆಗಳನ್ನು ಕೇಳಿ ಕಲಿತರು. ಇಂದು ವಿದ್ಯುತ್ ಗಿಟಾರು ಎಲ್ಲಿ ಏಕಾಕಿಯಾಗಿ ನುಡಿದರೂ ಅದರಲ್ಲಿ ಆ ತರುಣನ ಪಾಲೊಂದಿದೆ ಎಂಬುದನ್ನು ನಾವು ನೆನೆಯಬೇಕು.