ನಿಮಗಿದು ಗೊತ್ತೇ? ಮೊಬೈಲಿನೊಳಗೂ ಒಂದು ಬೀಗವಿದೆ!

ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಪ್ರೀಪೇಯ್ಡ್ ಮೊಬೈಲುಗಳು ಚಿಪ್ಸ್ ಪೊಟ್ಟಣಗಳಂತೆ ಕೊಕ್ಕೆಗೆ ನೇತಾಡುತ್ತಿರುತ್ತವೆ. ಬೆಲೆಯೋ, ತೀರಾ ಅಗ್ಗ! ಹೇಗೆ ಸಾಧ್ಯ ಅಂತೀರಾ? ಅವನ್ನು ಮಾರುವ ಮೊಬೈಲ್ ಸೇವೆಯ ಕಂಪನಿಯೇ ಎಷ್ಟೋ ಸಲ ಕೈಯಿಂದ ದುಡ್ಡು ಹಾಕಿ, ಅಸಲಿಗಿಂತ ಕಡಿಮೆಗೆ ಕೊಡುತ್ತದೆ. ಆಮೇಲೆ ನೀವು ಮಾಡಿಸುವ ರೀಚಾರ್ಜ್‌ನಲ್ಲಿ ಆ ದುಡ್ಡನ್ನು ವಸೂಲಿ ಮಾಡಿಕೊಳ್ಳುತ್ತದೆ. ನೀವು ಬೇರೆ ಕಂಪನಿಗೆ ಹಾರಿಬಿಟ್ಟರೆ? ಅದಕ್ಕೇ ಬೀಗ!

ಈ ಬೀಗದ ಕೆಲಸ ಎಷ್ಟು ಸರಳ ನೋಡಿ. ಪ್ರತಿ ಸಿಮ್ಮಿನೊಳಗೂ ಸಾಮಾನ್ಯವಾಗಿ 15 ಅಂಕಿಗಳ ಗುಟ್ಟಿನ ಸಂಖ್ಯೆಯೊಂದಿದೆ. ನಿಮ್ಮ ಫೋನ್ ನಂಬರ್ ಅಲ್ಲ, ಇದು ಬೇರೆಯೇ. ಮೊದಲ ಮೂರು ಅಂಕಿ ದೇಶದ್ದು, ಅದರ ಮುಂದಿನ ಎರಡೋ ಮೂರೋ ಅಂಕಿ ಕಂಪನಿಯದು. ಫೋನು ಅಷ್ಟನ್ನು ಓದುತ್ತದೆ. ತನ್ನ ಕಂಪನಿಯದಾದರೆ ಒಳಗೆ ಬಾ ಅನ್ನುತ್ತದೆ, ಇಲ್ಲವಾದರೆ ಬಾಗಿಲು ಬಂದ್!

ಇನ್ನೊಂದು ಮಜಾ ಕೇಳಿ. ಭಾರತದಲ್ಲಿ ಈ ಅಂಕಿಗಳನ್ನು ಸರ್ಕಲ್‌ವಾರು, ಅಂದರೆ ಮೊಬೈಲ್ ಸೇವೆಯ ವಲಯವಾರು ಹಂಚಿದ್ದಾರೆ. 404 45 ಅಂತ ಶುರುವಾದರೆ ಅದು ಕರ್ನಾಟಕದ ಏರ್‌ಟೆಲ್. 404 71 ಅಂದರೆ ಕರ್ನಾಟಕದ ಬಿಎಸ್‌ಎನ್‌ಎಲ್. ಕನ್ನಡ ನಾಡಿನ ಗುರುತು ನಿಮ್ಮ ಸಿಮ್ಮಿನೊಳಗೇ ಕೂತಿರಬಹುದು!

ಬೀಗ ಒಂದೇ ಬಗೆಯದು ಅಂದುಕೊಂಡಿರಾ? ಮೊಬೈಲ್ ಜಾಲದ ಜಿಎಸ್‌ಎಂ ಎಂಬ ನಿಯಮಗಳಲ್ಲಿ ಐದು ಬಗೆಯ ಬೀಗಗಳಿವೆ. ಒಂದು ನೆಟ್‌ವರ್ಕಿಗೆ ಕಟ್ಟಿಹಾಕಬಹುದು, ಒಂದು ಸಂಸ್ಥೆಯ ನೌಕರರ ಸಿಮ್‌ಗಳಿಗಷ್ಟೇ ಕಟ್ಟಿಹಾಕಬಹುದು. ಬೇಕೆಂದರೆ ಇಡೀ ಲೋಕದಲ್ಲಿ ಒಂದೇ ಒಂದು ಸಿಮ್‌ಗೆ ಮಾತ್ರ ಓಗೊಡುವಂತೆಯೂ ಮಾಡಬಹುದು!

ಹಳೆಯ ನೋಕಿಯಾ 3310 ನೆನಪಿದೆಯಲ್ಲ? ಅದರ ಬೀಗದ ಕೀಲಿ ಕೀಪ್ಯಾಡಿನಲ್ಲೇ ಇತ್ತು! ಸ್ಟಾರ್ ಬಟನ್ನನ್ನು ಮತ್ತೆ ಮತ್ತೆ ಒತ್ತಿದರೆ ಪರದೆಯ ಮೇಲೆ ‘ಪಿ’, ‘ಡಬ್ಲ್ಯೂ’ ಅಕ್ಷರಗಳು ಮೂಡುತ್ತಿದ್ದವು. ಅವುಗಳ ಜೊತೆಗೆ ಉದ್ದನೆಯ ಕೋಡ್ ಹೊಡೆದರೆ ಬೀಗ ಕಳಚಿತು! ಆ ಕೋಡನ್ನು ಲೆಕ್ಕ ಹಾಕುತ್ತಿದ್ದದ್ದು ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐಯಿಂದಲೇ. ಲೆಕ್ಕದ ಸೂತ್ರ ಹೊರಬಿದ್ದದ್ದೇ ತಡ, ಪುಕ್ಕಟೆ ಕ್ಯಾಲ್ಕ್ಯುಲೇಟರುಗಳು ಊರೆಲ್ಲ ಹರಡಿದವು. ಆದರೆ ಹುಷಾರು, ತಪ್ಪು ಕೋಡ್ ಹೊಡೆಯಲು ಕೆಲವೇ ಅವಕಾಶ. ಅವು ಮುಗಿದರೆ ಸರಿಯಾದ ಕೋಡ್ ಕೊಟ್ಟರೂ ಫೋನು ಕೇಳುತ್ತಿರಲಿಲ್ಲ!

ಅಸಲಿಗಿಂತ ಕಡಿಮೆಗೆ ಸಿಗುವ ಈ ಫೋನುಗಳ ಬಗ್ಗೆ ಈಗ ಹೇಳುವುದನ್ನು ಕೇಳಿದರೆ ನೀವು ನಂಬಲಿಕ್ಕಿಲ್ಲ. ಆಗಸ್ಟ್ 2006. ಮಿಷಿಗನ್ ರಾಜ್ಯದ ಕ್ಯಾರೊ ಎಂಬ ಪುಟ್ಟ ಊರು. ಟೆಕ್ಸಾಸ್‌ನಿಂದ ಬಂದ ಮೂವರು ವಾಲ್‌ಮಾರ್ಟ್‌ನಲ್ಲಿ ರಾಶಿ ರಾಶಿ ಪ್ರೀಪೇಯ್ಡ್ ಫೋನ್ ಕೊಂಡರು. ಪೊಲೀಸರು ಅವರ ವ್ಯಾನ್ ತಡೆದು ನೋಡಿದರೆ ಒಳಗೆ ಸುಮಾರು 1,000 ಫೋನುಗಳು! ಇವರು ಅಲ್ಲಿನ ಪ್ರಸಿದ್ಧ ಮ್ಯಾಕಿನಾ ಸೇತುವೆಯನ್ನೇ ಉರುಳಿಸಲು ಹೊರಟ ಭಯೋತ್ಪಾದಕರು ಅಂತ ಗುಲ್ಲೆದ್ದಿತು. ಆ ಸೇತುವೆಯೋ, ಎಂಟು ಕಿಲೋಮೀಟರ್ ಉದ್ದದ್ದು. ಕೊನೆಗೆ ತಿಳಿದದ್ದೇನು? ಅಗ್ಗದ ಫೋನ್ ಕೊಂಡು ಲಾಭಕ್ಕೆ ಮರುಮಾರಾಟ ಮಾಡುವುದಷ್ಟೇ ಅವರ ಉದ್ದೇಶ! ಭಯೋತ್ಪಾದನೆಯ ಆರೋಪ ಕೆಲವೇ ದಿನಗಳಲ್ಲಿ ಬಿದ್ದುಹೋಯಿತು. ಪಾಪ, ಆ ಮೂವರು ಅಷ್ಟು ದಿನ ಅನುಭವಿಸಿದ ದಿಗಿಲು ಎಂಥದ್ದಿರಬೇಕು!

ಅಮೆರಿಕದಲ್ಲಿ ಫೋನಿನ ಬೀಗ ತೆಗೆಯುವುದು ಸರಿಯೋ ತಪ್ಪೋ ಅಂತ ತೀರ್ಮಾನಿಸುತ್ತಿದ್ದವರು ಯಾರು ಹೇಳಿ? ನ್ಯಾಯಾಧೀಶರಲ್ಲ, ಟೆಲಿಕಾಂ ಮಂತ್ರಿಯೂ ಅಲ್ಲ. ಅಲ್ಲಿನ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಗ್ರಂಥಪಾಲಕರು! ಬೀಗವಿರುವುದು ಸಾಫ್ಟ್‌ವೇರಿನಲ್ಲಿ, ಸಾಫ್ಟ್‌ವೇರ್ ಬರುವುದು ಕಾಪಿರೈಟ್ ಕಾನೂನಿನ ಕೆಳಗೆ, ಕಾಪಿರೈಟ್ ಕಚೇರಿ ಇರುವುದು ಆ ಗ್ರಂಥಾಲಯದ ಅಡಿಯಲ್ಲಿ. 2006ರ ನವೆಂಬರ್‌ನಲ್ಲಿ ಗ್ರಂಥಾಲಯ ‘ಆಗಲಿ, ತೆಗೆದುಕೊಳ್ಳಿ’ ಅಂದಿತು. 2012ರಲ್ಲಿ ಅದೇ ಗ್ರಂಥಾಲಯ ಮನಸ್ಸು ಬದಲಿಸಿತು. 2013ರ ಜನವರಿ 26ರ ನಂತರ ಕೊಂಡ ಫೋನಿನ ಬೀಗವನ್ನು ಕಂಪನಿಯ ಒಪ್ಪಿಗೆಯಿಲ್ಲದೆ ತೆಗೆಯುವಂತಿರಲಿಲ್ಲ. ಅದನ್ನೇ ದಂಧೆ ಮಾಡಿಕೊಂಡವರಿಗೆ ಐದು ವರ್ಷ ಜೈಲು, 5 ಲಕ್ಷ ಡಾಲರ್ ದಂಡದವರೆಗೂ ಅವಕಾಶವಿತ್ತು!

ಜನ ಸುಮ್ಮನಿದ್ದರೇ? ಶ್ವೇತಭವನಕ್ಕೆ ಹೋದ ಮನವಿಗೆ 1,14,000ಕ್ಕೂ ಹೆಚ್ಚು ಸಹಿ ಬಿದ್ದವು. 2014ರ ಆಗಸ್ಟ್ 1ರಂದು ಒಬಾಮ ಬೀಗ ತೆಗೆಯುವ ಹಕ್ಕಿನ ಕಾನೂನಿಗೆ ಸಹಿ ಹಾಕಿದರು. ಜೇಬಿನಲ್ಲಿರುವ ಫೋನಿಗೆ ಬೇರೆ ಸಿಮ್ ಹಾಕಿಕೊಳ್ಳಲು ರಾಷ್ಟ್ರಾಧ್ಯಕ್ಷರ ಸಹಿ ಬೇಕಾಯಿತು ನೋಡಿ!

ಐಫೋನಿನ ಬೀಗ ಮೊದಲು ತೆಗೆದವನ ವಯಸ್ಸೆಷ್ಟು ಗೊತ್ತೇ? ಬರೀ 17! ಹೆಸರು ಜಾರ್ಜ್ ಹಾಟ್ಜ್, ಊರು ನ್ಯೂಜೆರ್ಸಿ. 2007ರ ಜೂನ್ 29ಕ್ಕೆ ಐಫೋನ್ ಅಂಗಡಿಗೆ ಬಂತು, ಎಟಿ ಅಂಡ್ ಟಿ ನೆಟ್‌ವರ್ಕಿಗೆ ಮಾತ್ರ. ಹುಡುಗ ಕನ್ನಡಕದ ಸ್ಕ್ರೂಡ್ರೈವರ್ ತಗೊಂಡು ಸ್ಕ್ರೂ ಬಿಚ್ಚಿದ, ಗಿಟಾರ್ ಮೀಟುವ ಪುಟ್ಟ ಬಿಲ್ಲೆಯನ್ನು ಅಂಚಿನಲ್ಲಿ ತೂರಿಸಿ ಕವಚ ಬಿಡಿಸಿದ, ಒಳಗಿನ ಚಿಪ್ಪಿಗೆ ತಂತಿ ಬೆಸೆದ. ಆಗಸ್ಟ್ ಮುಗಿಯುವುದರೊಳಗೆ ಫೋನು ಬೇರೆ ನೆಟ್‌ವರ್ಕಿನಲ್ಲಿ ಮಾತಾಡುತ್ತಿತ್ತು! ಆ ಫೋನನ್ನು ಕೊಟ್ಟು ಅವನು ಪಡೆದದ್ದು ಒಂದು ನಿಸಾನ್ 350ಜೆಡ್ ಕಾರು, ಜೊತೆಗೆ ಮೂರು ಹೊಸ ಐಫೋನ್!

ಕಳ್ಳದಾರಿಯ ಕಥೆ ಇನ್ನೂ ದೊಡ್ಡದು. ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ ಎಟಿ ಅಂಡ್ ಟಿ ಕಂಪನಿಯ ಕಾಲ್‌ಸೆಂಟರ್. ಅಲ್ಲಿನ ಸಿಬ್ಬಂದಿಗೆ ವಿದೇಶದಲ್ಲಿ ಕೂತ ಒಬ್ಬಾತ 2012ರಿಂದ ಲಂಚ ತಿನ್ನಿಸಿ ಬೀಗ ತೆಗೆಸುತ್ತಿದ್ದ. ಆಮೇಲೆ ಅವರ ಕೈಯಿಂದಲೇ ಕಂಪ್ಯೂಟರುಗಳಿಗೆ ಕಳ್ಳ ಸಾಫ್ಟ್‌ವೇರ್ ಹಾಕಿಸಿದ. ಒಬ್ಬ ನೌಕರನಿಗೆ ಸಿಕ್ಕ ಲಂಚವೇ 4,28,500 ಡಾಲರ್! ತೆರೆದ ಫೋನುಗಳು 19 ಲಕ್ಷ. ಕಂಪನಿಗೆ ನಷ್ಟ 20 ಕೋಟಿ ಡಾಲರಿಗೂ ಹೆಚ್ಚು. 2021ರಲ್ಲಿ ಲಂಚ ಕೊಟ್ಟವನಿಗೆ 12 ವರ್ಷ ಜೈಲಾಯಿತು.

ನೆಟ್ಟಗಿನ ದಾರಿಯಲ್ಲಿ ಬೀಗ ತೆಗೆಸಲು ಬೇಕಾದದ್ದು ತಾಳ್ಮೆ. ಫೋನು ಚಾಲೂ ಆದ ಒಂದು ವರ್ಷದೊಳಗೆ ಪ್ರೀಪೇಯ್ಡ್ ಬೀಗ ತೆಗೆದುಕೊಡುತ್ತೇವೆ ಅಂತ ಅಮೆರಿಕದ ದೊಡ್ಡ ಕಂಪನಿಗಳು ಮಾತು ಕೊಟ್ಟವು. ಕರ್ತವ್ಯಕ್ಕೆ ನಿಯೋಜನೆಗೊಂಡ ಸೈನಿಕರಿಗೆ ಮಾತ್ರ ವಿನಾಯಿತಿ. ನಿಯೋಜನೆಯ ಪತ್ರ ತೋರಿಸಿದರೆ ಸಾಕು!

ಬೀಗವನ್ನೇ ಓಡಿಸಿದ ದೇಶಗಳೂ ಇವೆ. ಕೆನಡಾ 2017ರ ಡಿಸೆಂಬರ್ 1ರಿಂದ, ಜಪಾನ್ 2021ರ ಅಕ್ಟೋಬರ್‌ನಿಂದ, ಬ್ರಿಟನ್ ಅದೇ ವರ್ಷದ ಡಿಸೆಂಬರ್‌ನಿಂದ!

ನಮ್ಮಲ್ಲೂ ಬೀಗ ಇತ್ತೇ? ಇತ್ತು! 2008ರ ಆಗಸ್ಟ್‌ನಲ್ಲಿ ಐಫೋನ್ 3ಜಿ ಭಾರತಕ್ಕೆ ಬಂದಾಗ 31,000 ರೂಪಾಯಿ ಎಣಿಸಿದರೂ ಏರ್‌ಟೆಲ್ ಇಲ್ಲವೇ ವೊಡಾಫೋನ್‌ಗೇ ಕಟ್ಟುಬೀಳಬೇಕಿತ್ತು. 2017ರ ಜಿಯೋಫೋನಿನಲ್ಲಿ ಬೇರೆ ಕಂಪನಿಯ ಸಿಮ್ ಓಡುತ್ತಲೇ ಇರಲಿಲ್ಲ.

ಇಲ್ಲೊಂದು ಬೆರಗು. ಬೀಗ ಬಿದ್ದ ಫೋನೂ ಒಂದು ಕರೆಗೆ ಮಾತ್ರ ಅಡ್ಡಿ ಮಾಡುವುದಿಲ್ಲ. ಅಮೆರಿಕದಲ್ಲಿ ಚಂದಾ ಇಲ್ಲದ ಮೊಬೈಲಿನಿಂದಲೂ ತುರ್ತು ಸಂಖ್ಯೆ 911ಕ್ಕೆ ಕರೆ ಹೋಗಲೇಬೇಕು ಅನ್ನುವುದು ನಿಯಮ. ಜೀವ ಉಳಿಸುವ ಕರೆಗೆ ಬೀಗವೇ ಇಲ್ಲ!

ಅಮೆರಿಕದಿಂದ ಮಗನೋ ಮಗಳೋ ಅಗ್ಗದ ಪ್ರೀಪೇಯ್ಡ್ ಫೋನ್ ತಂದುಕೊಟ್ಟರೆ ಇನ್ನೊಂದು ವಿಚಿತ್ರ ಕಾದಿರಬಹುದು. ಬೀಗ ತೆಗೆದರೂ ಸಿಗ್ನಲ್ ಸಿಗದಿರಬಹುದು! ನಮ್ಮಲ್ಲಿ 4ಜಿಗೆ ಬಳಸುವ 2300 ಮೆಗಾಹರ್ಟ್ಸ್‌ನ ಬ್ಯಾಂಡ್ 40 ಆ ಫೋನಿನಲ್ಲಿ ಇರಲೇಬೇಕೆಂದಿಲ್ಲ. ಕದ್ದ ಫೋನೆಂದು ಐಎಂಇಐ ಬ್ಲಾಕ್ ಆಗಿದ್ದರಂತೂ ಬೀಗ ತೆಗೆದು ಏನೂ ಪ್ರಯೋಜನವಿಲ್ಲ. ಐಎಂಇಐ ತಿದ್ದಲು ಕೈ ಹಾಕಿದಿರೋ, ನಮ್ಮ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು!

ಹಾಗಾದರೆ ನಿಮ್ಮ ಫೋನಿಗೆ ಬೀಗ ಇದೆಯೇ? ಐಫೋನಿನಲ್ಲಾದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒತ್ತುತ್ತ ಹೋಗಿ. ಕ್ಯಾರಿಯರ್ ಲಾಕ್ ಎಂಬಲ್ಲಿ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತಿದ್ದರೆ ಬೀಗವಿಲ್ಲ. ಬೇರೆ ಫೋನಾದರೆ ಪಕ್ಕದವರ ಬಳಿಯಿರುವ ಬೇರೆ ಕಂಪನಿಯ ಸಿಮ್ ಒಂದು ನಿಮಿಷ ಕೇಳಿ ಪಡೆದು ಹಾಕಿ ನೋಡಿ. ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್ ಕೊಡಿ ಅಂತ ಪರದೆ ಕೇಳಿತೇ? ಊಹೆಯ ಮೇಲೆ ಒಂದೂ ಅಂಕಿ ಒತ್ತಬೇಡಿ!